ಪರವಾಗಿ ಹಾಕಿದ ಸಹಿ

ಅಮೆರಿಕದ ಡ್ಯಾನ್‌ವಿಲ್‌ನಲ್ಲಿ ನಮ್ಮ ಮನೆಯಿಂದ ನಾಲ್ಕನೆಯದು ಹರಿಪ್ರಿಯಾಳ ಮನೆ. ಅವಳ ತಂದೆ ಚೆಲುವರಾಜಣ್ಣ, ತಾಯಿ ಮರಿತಾಯಕ್ಕ ಏಳು ವರ್ಷದಿಂದ ಇಲ್ಲೇ ಇದ್ದಾರೆ. ಪಾಂಡವಪುರದ ಕಡೆಯವರು. ಅಣ್ಣನಿಗೆ ಈಗ ಎಪ್ಪತ್ತಾರು. ನೀರಾವರಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವರು. ಬೆಳಿಗ್ಗೆ ನಾವು ಮೂವರೂ ಹಳೆಯ ರೈಲುದಾರಿಯ ಟ್ರೇಲಿನಲ್ಲಿ ನಡೆಯುತ್ತೇವೆ. ಅಕ್ಕ ಮತ್ತು ನಾನು ಮುಂದೆ, ಅಣ್ಣ ಹತ್ತು ಹೆಜ್ಜೆ ಹಿಂದೆ. ದಾರಿಯ ಪಕ್ಕದ ಚರಂಡಿ ಕಂಡರೆ ಅವರು ನಿಲ್ಲದೆ ಇರುವುದಿಲ್ಲ.

"ಇಳಿಜಾರು ಸಾಲದು ಕಣಮ್ಮ ಇದಕ್ಕೆ. ಯಾವನೋ ಮಹಾನುಭಾವ ಕಣ್ಣಂದಾಜಿನಲ್ಲಿ ಮಾಡವ್ನೆ."

"ನಿಮ್ಮನ್ನ ಕೇಳಿ ಮಾಡಬೇಕಿತ್ತು ಪಾಪ," ಅನ್ನುತ್ತಾರೆ ಅಕ್ಕ, ತಿರುಗಿಯೂ ನೋಡದೆ.

ಕಳೆದ ಜೂನ್‌ನಲ್ಲಿ ಒಂದು ಶುಕ್ರವಾರ ಅಕ್ಕ ವಾಕಿಂಗಿಗೆ ಬರಲಿಲ್ಲ. ಮಂಡಿ ನೋವು ಎಂದು ಅಣ್ಣ ಹೇಳಿದರು. ಆ ದಿನ ಅವರು ಯಾವ ಚರಂಡಿಯ ಮುಂದೆಯೂ ನಿಲ್ಲಲಿಲ್ಲ. ಬೆಂಚು ಬಂದಾಗ ಕೂತು ಕೇಳಿದರು.

"ತಂಗ್ಯಮ್ಮ, ಸ್ಯಾನ್ ಮಟಿಯೋ ಸೇತುವೆ ಮೇಲೆ ಗಾಡಿ ಓಡಿಸೋಕೆ ನಿನಗೆ ಭಯ ಏನಾದ್ರೂ ಇದೆಯಾ?"

"ಇಲ್ಲ ಅಣ್ಣ. ಯಾಕೆ?"

"ಅದರ ಆಚೆ ಒಬ್ಬರನ್ನ ನೋಡಬೇಕು. ಬುಧವಾರ ವಾಪಸ್ ಹೊರಟುಬಿಡ್ತಾರೆ. ಪ್ರಿಯಾಗೆ ಮೀಟಿಂಗು. ಇದ್ದರೂ ಅವಳ ಜೊತೆ ಹೋಗೋಕೆ ನನಗೆ ಮನಸ್ಸಿಲ್ಲ. ಅವರ ಜೀವನ ಹಾಳು ಮಾಡಿದೋನು ನಾನು. ಅದನ್ನ ಅವರ ಮುಂದೆ ಹೇಳದೆ ನಾನು ಕಣ್ಣು ಮುಚ್ಚಬಾರದು. ಬಾಗಿಲು ತೆಗೀತಾರೋ ಇಲ್ಲವೋ ಗೊತ್ತಿಲ್ಲ."

ಆಗಿದ್ದು ಇಷ್ಟು. ಹರಿಪ್ರಿಯಾಳ ಆಫೀಸಿನಲ್ಲಿ ದೆಚೆನ್ ಎಂಬ ಭೂತಾನಿನ ಹುಡುಗಿ ಹೊಸದಾಗಿ ಸೇರಿದ್ದಾಳೆ. ಅವಳ ಊಟದ ಡಬ್ಬಿಯಲ್ಲಿ ಕೆಂಪಕ್ಕಿ ಅನ್ನ ನೋಡಿ ಮಾತಾಗಿದೆ. ನಮ್ಮಪ್ಪ ಅಮ್ಮ ಭೂತಾನಿನಲ್ಲಿ ಮೂರು ವರ್ಷ ಇದ್ದರು ಎಂದು ಇವಳು ಹೇಳಿದ್ದಾಳೆ. ಯಾವ ಜಿಲ್ಲೆ ಎಂದು ಅವಳು ಕೇಳಿದ್ದಾಳೆ. ಅದೇ ಜಿಲ್ಲೆಯಲ್ಲಿ ನಮ್ಮಪ್ಪ ಡೆಪ್ಯುಟಿ ಗವರ್ನರ್ ಆಗಿದ್ದರು, ಈಗ ನನ್ನ ಹತ್ತಿರವೇ ಬಂದಿದ್ದಾರೆ, ಬುಧವಾರ ಊರಿಗೆ ಹೋಗುತ್ತಾರೆ ಎಂದು ದೆಚೆನ್ ಹೇಳಿದ್ದಾಳೆ. ಗುರುವಾರ ಸಂಜೆ ಹರಿಪ್ರಿಯಾ ಖುಷಿಯಿಂದ ಈ ಸುದ್ದಿ ಹೇಳಿದಾಗ ಅಣ್ಣ ತಟ್ಟೆಯಲ್ಲೇ ಕೈ ತೊಳೆದು ಎದ್ದುಬಿಟ್ಟರಂತೆ.

ಭೂತಾನಿನ ಮಾತು ನನಗೆ ಹೊಸದಲ್ಲ. ಈ ಏಳು ವರ್ಷದಲ್ಲಿ ಅಣ್ಣ ಅಕ್ಕ ಇಬ್ಬರ ಬಾಯಲ್ಲೂ ಕೇಳಿ ಕೇಳಿ ಆ ಕಣಿವೆ ನಾನೇ ಹೋಗಿ ಬಂದ ಊರಿನಂತಾಗಿತ್ತು. ೨೦೦೭ರಲ್ಲಿ ಅಣ್ಣ ನಿವೃತ್ತರಾದರು. ಮನೆಯಲ್ಲಿ ಕೂರಲಾರದ ಮನುಷ್ಯ. ಭೂತಾನಿನ ಬೆಟ್ಟದ ಹಳ್ಳಿಗಳಿಗೆ ಗದ್ದೆ ಕಾಲುವೆ ಮಾಡಿಸಲು ಅನುಭವಸ್ಥರು ಬೇಕು ಎಂದು ಹಳೆಯ ಸಹೋದ್ಯೋಗಿಯೊಬ್ಬರು ಹೇಳಿದ್ದೇ ಸಾಕಾಯಿತು, ಮೂರು ವರ್ಷದ ಕೆಲಸಕ್ಕೆ ಒಪ್ಪಿ ಹೊರಟರು. ಅಕ್ಕ ಎರಡು ಸ್ವೆಟರು, ಐದು ಕೇಜಿ ರಾಗಿಹಿಟ್ಟು ಕಟ್ಟಿಕೊಂಡು ಹಿಂದೆ ಹೋದರು.

"ರಾಗಿ ಎರಡೇ ತಿಂಗಳಿಗೆ ಮುಗೀತು," ಎಂದು ಅಕ್ಕ ಹೇಳುತ್ತಿದ್ದರು. "ಅಲ್ಲಿ ಬಕ್‌ವೀಟು ಅಂತ ಒಂದು ಧಾನ್ಯ ಬೆಳೀತಾರೆ, ಹಿಟ್ಟು ಕಪ್ಪಗಿರ್ತದೆ. ಅದರಲ್ಲೇ ಮುದ್ದೆ ತೊಳಸಿದೆ. ಮೊದಲನೇ ದಿನ ಗೋಂದು. ಎರಡನೇ ದಿನ ಕಲ್ಲು. ಮೂರನೇ ದಿನ ಇವರು ಬಾಯಿ ಮುಚ್ಚಿಕೊಂಡು ತಿಂದರು ನೋಡು, ಆಗ ಮುದ್ದೆ ಆಯ್ತು ಅಂದ್ಕೊಂಡೆ."

ಅಕ್ಕ ಉಪ್ಪು ಬೆಣ್ಣೆ ಹಾಕಿದ ಚಹಾ ಕುಡಿಯಲಾರದೆ ಕಿಟಕಿಯಾಚೆ ಚೆಲ್ಲಿದ್ದು, ಕೆಳಗೆ ಹೋಗುತ್ತಿದ್ದ ಸನ್ಯಾಸಿಯ ಬೋಳುತಲೆಯ ಮೇಲೆ ಅದು ಬಿದ್ದದ್ದು, ಆತ ಮೇಲೆ ನೋಡಿ ಕೈಮುಗಿದದ್ದು. ಮೆಣಸಿನಕಾಯಿಯನ್ನೇ ತರಕಾರಿಯಂತೆ ಚೀಸಿನಲ್ಲಿ ಬೇಯಿಸಿಟ್ಟದ್ದು. ಚಳಿಗೆ ಅಕ್ಕಿಯ ಡಬ್ಬಿಯಲ್ಲಿ ಬೆಕ್ಕು ಮಲಗುತ್ತಿದ್ದದ್ದು. ಇದನ್ನೆಲ್ಲ ಹೇಳುವಾಗ ಇಬ್ಬರ ಮುಖದಲ್ಲೂ ಒಂದು ಬೆಳಕು ಬರುತ್ತಿತ್ತು. ಅಮೆರಿಕದ ಯಾವ ಮಾತಿಗೂ ಬಾರದ ಬೆಳಕು.

ಆ ಮಾತುಗಳಲ್ಲೆಲ್ಲ ಒಬ್ಬರ ಹೆಸರು ತಪ್ಪದೆ ಬರುತ್ತಿತ್ತು. ರಿಂಜಿನ್ ವಾಂಗ್ದಿ. ಆ ಜಿಲ್ಲೆಯ ಡೆಪ್ಯುಟಿ ಗವರ್ನರ್. ಅಲ್ಲಿಯವರು ಆ ಹುದ್ದೆಗೆ ಜೊಂಗ್‌ರಾಬ್ ಎನ್ನುತ್ತಾರೆ. ಅದೆಂಥ ಕೆಲಸ ಎಂದು ನಾನೊಮ್ಮೆ ಕೇಳಿದ್ದೆ.

"ಈಗ ನೋಡು," ಎಂದು ಅಣ್ಣ ಬೆಂಚಿನ ಮೇಲೆ ಬೆರಳಲ್ಲಿ ಗೆರೆ ಎಳೆದಿದ್ದರು. "ಮೇಲೆ ರಾಜ. ನಾವು ಹೋದ ಮಾರನೇ ವರ್ಷವೇ ಅಲ್ಲಿ ಸಂವಿಧಾನ ಬಂತು, ಚುನಾವಣೆ ಆಯ್ತು. ರಾಜನೇ ನಿಂತು ಅಧಿಕಾರ ಜನಕ್ಕೆ ಕೊಟ್ಟ. ಜನ ಬೇಡ ಅಂತ ಅತ್ತರು, ನಿಜವಾಗ್ಲೂ ಅತ್ತರು, ನಾನು ನೋಡಿದೀನಿ. ಜಿಲ್ಲೆಗೆ ಒಬ್ಬ ಗವರ್ನರ್, ನಮ್ಮ ಡಿ.ಸಿ. ಇದ್ದಂಗೆ. ಅವರ ಕೈಕೆಳಗೆ ಈ ಡೆಪ್ಯುಟಿ. ಗವರ್ನರ್‌ಗೆ ರಾಜಧಾನಿ, ಸಭೆ, ಮಂತ್ರಿಗಳು. ಮಿಕ್ಕಿದ್ದೆಲ್ಲ ಡೆಪ್ಯುಟಿ ತಲೆ ಮೇಲೆ. ಬೇಲಿ ಜಗಳ, ಹಬ್ಬದ ಏರ್ಪಾಡು, ಕರಡಿ ಬಂದು ಜೋಳ ತಿಂದ ಅರ್ಜಿ. ಆದ್ರೆ ಯಾವುದೂ ಅವನ ಹೆಸರಲ್ಲಿ ಇಲ್ಲ. ಪ್ರತಿ ಕಾಗದದ ಕೆಳಗೂ 'ಗವರ್ನರ್ ಪರವಾಗಿ' ಅಂತ ಬರೆದು ಸಹಿ."

ಅಣ್ಣನ ತಂದೆ ಮಹಾರಾಜರ ಕಾಲದಲ್ಲಿ ನಾಲೆಗೆ ನೀರುಗಂಟಿ. ತೂಬು ತೆಗೆಯುವುದು, ಮುಚ್ಚುವುದು ಅವರ ಕೆಲಸ. "ನಮ್ಮಪ್ಪ ಮಹಾರಾಜರನ್ನ ಕಂಡಿದ್ದು ಜನ್ಮದಲ್ಲಿ ಒಂದು ಸಲ, ಅದೂ ದೂರದಿಂದ. ಅಮಲ್ದಾರರ ಕುದುರೆ ಕಂಡ್ರೆ ಗದ್ದೆ ಬದುವಿನ ಕೆಳಗೆ ಕೂತ್ಕೊಳೋನು. ಅದಕ್ಕೇ ನನಗೆ ಈ ರಿಂಜಿನ್ ಸಾಹೇಬರು ಆಶ್ಚರ್ಯ. ಅವರನ್ನ ಕಂಡು ಯಾರೂ ಬಚ್ಚಿಟ್ಕೊಳ್ತಿರಲಿಲ್ಲ."

ಜೊಂಗ್ ಅಂದರೆ ಕೋಟೆಯಂಥ ದೊಡ್ಡ ಕಟ್ಟಡ. ಅರ್ಧದಲ್ಲಿ ಸನ್ಯಾಸಿಗಳ ಮಠ, ಅರ್ಧದಲ್ಲಿ ಸರ್ಕಾರಿ ಕಚೇರಿ. ಗವರ್ನರ್ ಕೋಣೆಗೆ ಹೋಗುವ ಮರದ ಮೆಟ್ಟಿಲಿನ ಬುಡದಲ್ಲಿ ಡೆಪ್ಯುಟಿಯ ಮೇಜು. ಬಿಳಿ ಶಲ್ಯದ ನಡುವೆ ಕೆಂಪು ಪಟ್ಟಿ, ಅದು ಅವರ ಹುದ್ದೆಯ ಗುರುತು. ಅರ್ಜಿ ತಂದವರನ್ನು ಕೂರಿಸಿ, ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಅರ್ಜಿದಾರನ ಎದುರೇ ಗಟ್ಟಿಯಾಗಿ ಓದುತ್ತಿದ್ದರು. ಬರೆದುಕೊಟ್ಟವನು ಬೇರೆ ಯಾವನೋ ಇರುತ್ತಾನೆ, ಅರ್ಜಿದಾರನಿಗೆ ಅಕ್ಷರ ಬಾರದು. ಓದಿ ಮುಗಿಸಿ "ಇದು ನಿಮ್ಮ ಮಾತೇ ತಾನೆ?" ಎಂದು ಕೇಳುವರು. ಅಲ್ಲ ಎಂದರೆ ಅಲ್ಲೇ ತಿದ್ದುವರು. ಹೌದು ಎಂದರೆ ಇದು ಕೋರ್ಟಿಗೆ ಹೋಗಬೇಕು, ಇದು ನೀವು ಚುನಾಯಿಸಿದ ಸದಸ್ಯರ ಕೆಲಸ, ಇದು ಗವರ್ನರ್ ನೋಡಬೇಕು, ಇದನ್ನು ನಾನೇ ಮಾಡಬಹುದು ಎಂದು ಬಿಡಿಸಿ ಹೇಳುವರು. ಮುದುಕರು ಎಲ್ಲದಕ್ಕೂ "ರಾಜನಿಗೇ ಹೇಳಿ" ಎಂದು ಹಟ ಮಾಡುತ್ತಿದ್ದರಂತೆ. "ರಾಜನೇ ಹೀಗೆ ಮಾಡಿ ಅಂದಿದ್ದಾನಲ್ಲ ಅಜ್ಜಿ," ಎಂದು ಅವರಿಗೆ ಚಹಾ ಕೊಡಿಸುವರು.

ಮುದ್ದೆ ತಿನ್ನಲು ಅಕ್ಕನ ಮನೆಗೂ ಬರುತ್ತಿದ್ದರು. ಅಲ್ಲಿ ಏನಾದರೂ ಬಡಿಸಲು ಹೋದರೆ ಮೊದಲು ಬಾಯಿಗೆ ಕೈ ಅಡ್ಡ ಹಿಡಿದು ಬೇಡ ಬೇಡ ಅನ್ನುವುದು ಮರ್ಯಾದೆ. ಇದು ತಿಳಿಯದ ಅಕ್ಕ ಮೊದಲ ಸಲ "ಹಾಗಾದರೆ ಸರಿ" ಎಂದು ಮುದ್ದೆಯನ್ನು ವಾಪಸ್ ಒಳಗೆ ಒಯ್ದರಂತೆ. ಸಾಹೇಬರು ಬರಿಯ ತಟ್ಟೆಯ ಮುಂದೆ ಕಾಲು ಗಂಟೆ ಕೂತಿದ್ದರಂತೆ.

ಇಷ್ಟು ನನಗೆ ಗೊತ್ತಿತ್ತು. ಆ ಶುಕ್ರವಾರ ಬೆಂಚಿನ ಮೇಲೆ ಅಣ್ಣ ಹೇಳಿದ್ದು ಗೊತ್ತಿರಲಿಲ್ಲ. ಅಲ್ಲಿಯ ಭಾಷೆ ಬಾರದ ಅಕ್ಕನಿಗೂ ಗೊತ್ತಿರಲಿಲ್ಲ.

೨೦೦೯ರ ಜೂನ್. ಆ ಕಣಿವೆಗೆ ಮಳೆ ತಡವಾಗಿತ್ತು. ಮೇಲಿನ ಹಳ್ಳಿಯಲ್ಲಿ ಭತ್ತದ ನಾಟಿಗೆ ಸಸಿ ಬಲಿತು ನಿಂತಿತ್ತು. ಅಣ್ಣನ ಕಾಲುವೆ ಇನ್ನು ಮುನ್ನೂರು ಅಡಿ ಬಂದರೆ ಗದ್ದೆಗೆ ನೀರು. ಆ ಮುನ್ನೂರು ಅಡಿಯ ನಡುವೆ ಒಂದು ಬಂಡೆ. ಬಂಡೆಯ ಬುಡದಲ್ಲಿ ಸದಾ ಜಿನುಗುವ ಸಣ್ಣ ಬುಗ್ಗೆ. ಅದರ ನೀರು ಕೆಳಗಿನ ಹನ್ನೊಂದು ಮನೆಗಳಿಗೆ. ಬಂಡೆಯ ಮೇಲೆ ಯಾರೋ ಬಿಳಿ ಬಟ್ಟೆಯ ಚೂರು ಕಟ್ಟಿದ್ದರು. ಅಲ್ಲಿ ನಾಗರಿದ್ದಾರೆ, ಮಠದವರು ದಿನ ನೋಡಿ ಪೂಜೆ ಮಾಡಿಕೊಡುವ ತನಕ ಉಳಿ ಇಡಬೇಡಿ ಎಂದು ಒಬ್ಬ ಮುದುಕಿ ಹೇಳಿದಳು. ಮಠದವರು ಕೊಟ್ಟ ದಿನ ಎರಡು ವಾರದಾಚೆ ಇತ್ತು.

"ನಮ್ಮೂರಲ್ಲಿ ಹುತ್ತಕ್ಕೆ ಗುದ್ದಲಿ ತಗುಲಿಸೋನಲ್ಲ ನಾನು," ಎಂದರು ಅಣ್ಣ. "ಸರ್ವೀಸಿನಲ್ಲಿದ್ದಾಗ ನಾಗರಕಲ್ಲಿಗೆ ಅಂತ ಇಡೀ ನಾಲೆಯನ್ನ ಬಳಸಿ ತಿರುಗಿಸಿದೀನಿ, ಮೇಲಿನೋರ ಹತ್ತಿರ ಬೈಸಿಕೊಂಡು. ಆದ್ರೆ ಅಲ್ಲಿ ಕಲ್ಲಿರಲಿಲ್ಲ ಕಣಮ್ಮ. ಹೆಡೆ ಕೆತ್ತಿರಲಿಲ್ಲ, ಅರಿಶಿನ ಕುಂಕುಮ ಇರಲಿಲ್ಲ. ಒಂದು ಹರಕು ಬಟ್ಟೆ. ನನ್ನ ಕಣ್ಣಿಗೆ ಅದು ನಾಗರ ಜಾಗ ಅಂತ ಕಾಣಲೇ ಇಲ್ಲ."

ಅಣ್ಣ ಜೊಂಗಿಗೆ ಹೋದರು. ಗವರ್ನರ್ ರಾಜಧಾನಿಗೆ ಹೋಗಿದ್ದರು, ವಾಪಸ್ ಬರಲು ಇನ್ನೂ ಹನ್ನೆರಡು ದಿನ. ಡೆಪ್ಯುಟಿ ಕಾಯೋಣ ಎಂದರು. ಮೊದಲು ಅವರು ಕಾಯೋಣ ಎಂದರು, ಅದನ್ನು ಅಣ್ಣ ನನಗೆ ಎರಡು ಸಲ ಹೇಳಿದರು. ಅಣ್ಣ ಬಿಡಲಿಲ್ಲ. ಪೈರು ಒಣಗುತ್ತದೆ, ಮೂವತ್ತು ವರ್ಷದ ಅನುಭವದಲ್ಲಿ ಹೇಳುತ್ತಿದ್ದೇನೆ, ಬುಗ್ಗೆಗೆ ಏನೂ ಆಗುವುದಿಲ್ಲ, ನೀರು ಬರುವ ದಾರಿ ಬಂಡೆಯ ಎಡಕ್ಕಿದೆ ಎಂದರು. ಎರಡನೆಯ ದಿನವೂ ಹೋದರು. ಮೂರನೆಯ ದಿನ ಡೆಪ್ಯುಟಿ ಬಂಡೆ ಒಡೆಯುವ ಅಪ್ಪಣೆಗೆ ಸಹಿ ಹಾಕಿದರು.

ಬಂಡೆ ಒಡೆದರು, ನಾಟಿಗೆ ನೀರು ಬಂತು. ಐದನೆಯ ದಿನಕ್ಕೆ ಬುಗ್ಗೆ ನಿಂತಿತು. ನೀರಿನ ದಾರಿ ಬಂಡೆಯ ಎಡಕ್ಕಿರಲಿಲ್ಲ, ಒಳಗೇ ಇತ್ತು.

ಗವರ್ನರ್ ಬಂದ ದಿನ ಹನ್ನೊಂದು ಮನೆಯವರೂ ಜೊಂಗಿನ ಅಂಗಳಕ್ಕೆ ಅರ್ಜಿ ತಂದರು. ಅರ್ಜಿ ಓದುವುದು ಯಾರ ಕೆಲಸ? ಡೆಪ್ಯುಟಿಯದೇ. ಅವರು ಎರಡೂ ಕೈಯಲ್ಲಿ ತೆಗೆದುಕೊಂಡು ಗಟ್ಟಿಯಾಗಿ ಓದಿದರು. ರಿಂಜಿನ್ ವಾಂಗ್ದಿ ಎಂಬವರು ಗವರ್ನರ್ ಬರುವ ಮುಂಚೆ, ಪೂಜೆಯ ಮುಂಚೆ ಅಪ್ಪಣೆ ಕೊಟ್ಟದ್ದರಿಂದ ನಮ್ಮ ನೀರು ಹೋಯಿತು, ಅವರನ್ನು ಇಲ್ಲಿಂದ ತೆಗೆಯಬೇಕು. ಕರಡಿಯ ಅರ್ಜಿ ಓದುವ ದನಿಯಲ್ಲೇ ಓದಿದರಂತೆ. ಮುಗಿಸಿ "ಇದು ನಿಮ್ಮ ಮಾತೇ ತಾನೆ?" ಎಂದು ಕೇಳಿದರು. ಹೌದು ಎಂದರು ಜನ. ಎಂಜಿನಿಯರ್ ಹೇಳಿದ್ದರಿಂದ ಕೊಟ್ಟೆಯಾ ಎಂದು ಗವರ್ನರ್ ಕೇಳಿದರು. "ಸಲಹೆ ಎಷ್ಟೋ ಜನ ಕೊಡುತ್ತಾರೆ. ಸಹಿ ನನ್ನದು," ಎಂದರು ಡೆಪ್ಯುಟಿ. ಗವರ್ನರ್ ಅಣ್ಣನ ಕಡೆ ತಿರುಗಿದರು. ನೀವೇನಾದರೂ ಹೇಳುವುದಿದೆಯಾ?

"ನೋ ಸರ್, ಅಂದೆ," ಎಂದರು ಅಣ್ಣ. "ಎರಡೇ ಶಬ್ದ. ನೋ ಸರ್."

ಡೆಪ್ಯುಟಿಗೆ ದೂರದ ಚಿಕ್ಕ ಜಾಗಕ್ಕೆ ವರ್ಗವಾಯಿತು. ಮುಂದಿನ ವರ್ಷ ಗವರ್ನರ್ ಆಗಬೇಕಿದ್ದವರು ಎಂದು ಜೊಂಗಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಆಗಲಿಲ್ಲ. ಅಣ್ಣ ಉಳಿದ ಎಂಟು ತಿಂಗಳಲ್ಲಿ ಬೇರೆ ತೊರೆಯಿಂದ ಆ ಹನ್ನೊಂದು ಮನೆಗೆ ಪೈಪು ಹಾಕಿಸಿದರು. ಹೊರಡುವಾಗ ಅವರಿಗೆ ಒಳ್ಳೆಯ ಸರ್ಟಿಫಿಕೇಟು, ರೇಷ್ಮೆ ಶಲ್ಯ ಸಿಕ್ಕಿತು. ಆ ಶಲ್ಯವನ್ನು ಅಕ್ಕ ಇವತ್ತಿಗೂ ಎಲ್ಲರಿಗೂ ತೋರಿಸುತ್ತಾರೆ. ತೋರಿಸುವಾಗಲೆಲ್ಲ ಅಣ್ಣ ಎದ್ದು ಹಿತ್ತಲಿಗೆ ಹೋಗುವುದನ್ನು ನಾನು ನೋಡಿದ್ದೆ. ಸಂಕೋಚ ಎಂದುಕೊಂಡಿದ್ದೆ.

ಮಂಗಳವಾರ ದೇವರಿಗೆ ದೀಪ ಹಚ್ಚಿ ಹತ್ತು ಗಂಟೆಗೆ ಕಾರು ತೆಗೆದೆ. ಅಣ್ಣ ಒಬ್ಬರೇ ಬರುತ್ತಾರೆ ಎಂದುಕೊಂಡಿದ್ದರೆ ಅಕ್ಕ ಸ್ಟೀಲ್ ಡಬ್ಬಿ ಹಿಡಿದು ಮೊದಲೇ ಗೇಟಿನಲ್ಲಿ ನಿಂತಿದ್ದರು. ಪಕ್ಕದಲ್ಲಿ ಮೊಮ್ಮಗಳು ಲಾಸ್ಯಾ. ಬೇಸಿಗೆ ರಜೆ, ಹನ್ನೊಂದು ವರ್ಷದ ಮಗುವನ್ನು ಒಂಟಿ ಬಿಡುವ ಹಾಗಿಲ್ಲ.

"ನೀನ್ಯಾಕೆ ಬರ್ತೀಯಾ? ಮಂಡಿ ನೋವು ಅಂದೆ."

"ಸಾಹೇಬರು ನನ್ನ ಮುದ್ದೆ ತಿಂದವರು. ನೀವೊಬ್ಬರೇ ಹೋಗಿ ಬರಿಗೈ ಬೀಸಿಕೊಂಡು ಬರ್ತೀರಾ? ನಡೀರಿ, ನಡೀರಿ."

ಅಣ್ಣ ನನ್ನ ಮುಖ ನೋಡಿದರು. ಹೊರಟೆವು. ಅವರ ಅಂಗಿಯ ಜೇಬಿನಲ್ಲಿ ಒಂದು ಉದ್ದ ಲಕೋಟೆ ಇತ್ತು. ದಾರಿಯುದ್ದಕ್ಕೂ ಅದನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದರು. ಸೇತುವೆಯ ಮೇಲೆ ಎರಡೂ ಕಡೆ ನೀರು ಬಂದಾಗ ಲಾಸ್ಯಾ "ತಾತಾ, ಆರ್ ಯೂ ಓಕೆ?" ಎಂದು ಕೇಳಿದಳು. "ಓಕೆ ಪುಟ್ಟಿ" ಎಂದರು.

ಎರಡನೆಯ ಮಹಡಿಯ ಅಪಾರ್ಟ್‌ಮೆಂಟು. ದೆಚೆನ್ ಕೆಲಸಕ್ಕೆ ಹೋಗಿದ್ದಳು, ನಾವು ಬರುವುದನ್ನು ತಂದೆಗೆ ಮೊದಲೇ ಹೇಳಿದ್ದಳು. ಬೆಲ್ ಒತ್ತುವ ಮೊದಲೇ ಬಾಗಿಲು ತೆರೆಯಿತು. ರಿಂಜಿನ್ ಸಾಹೇಬರಿಗೆ ಅರವತ್ತು ದಾಟಿರಬೇಕು. ಮಗಳ ಬೂದು ಸ್ವೆಟರನ್ನು ಹಾಕಿಕೊಂಡಿದ್ದರು, ತೋಳು ಗಿಡ್ಡ. ಅಣ್ಣನನ್ನು ನೋಡಿ ಎರಡೂ ಕೈ ಹಿಡಿದುಕೊಂಡರು. ಆಮೇಲೆ ಅಕ್ಕನ ಕೈಯ ಡಬ್ಬಿ ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು, ಇಂಗ್ಲಿಷಿನಲ್ಲಿ ಹೇಳಿದರು. "ಬೇಡ ಬೇಡ ಮೇಡಂ. ಆದರೆ ದಯವಿಟ್ಟು ಈ ಸಲ ವಾಪಸ್ ಒಯ್ಯಬೇಡಿ."

ಅಕ್ಕನಿಗೆ ಅರ್ಥವಾಗಲು ಲಾಸ್ಯಾ ಹೇಳಬೇಕಾಯಿತು. ಅರ್ಥವಾದ ಮೇಲೆ ಅವರು ನಕ್ಕ ನಗುವಿಗೆ ಪಕ್ಕದ ಮನೆಯ ನಾಯಿ ಬೊಗಳಿತು.

ಕೂತೆವು. ಕಿಟಕಿಯ ಹತ್ತಿರ ಒಂದು ಪುಟ್ಟ ಬುದ್ಧನ ಮೂರ್ತಿ, ಮುಂದೆ ಏಳು ಬಟ್ಟಲು ನೀರು. ನಾನು ಕೈಮುಗಿದೆ. ಚಹಾ ಬಂತು, ಉಪ್ಪಿಲ್ಲದ್ದು. ಆ ಬೆಕ್ಕಿನ ಮಾತು, ಜೊಂಗಿನ ಮೆಟ್ಟಿಲಿನ ಮಾತು. ಅಣ್ಣ ಒಂದಕ್ಕೂ ಸೇರಲಿಲ್ಲ. ಲೋಟ ಹಾಗೇ ಇಟ್ಟು, ಎದ್ದು ನಿಂತು, ಜೇಬಿನಿಂದ ಲಕೋಟೆ ತೆಗೆದು ಎರಡೂ ಕೈಯಲ್ಲಿ ಮುಂದೆ ಹಿಡಿದರು.

ಸಾಹೇಬರ ಮುಖದ ನಗು ನಿಂತಿತು. ಅವರೂ ಎದ್ದು, ಎರಡೂ ಕೈಯಲ್ಲಿ ತೆಗೆದುಕೊಂಡರು. ಕನ್ನಡಕ ಹುಡುಕಿ ಹಾಕಿಕೊಂಡರು. ಅಣ್ಣನಿಗೆ ಕೂರಲು ಕೈ ತೋರಿಸಿದರು. ಆಮೇಲೆ ಗಟ್ಟಿಯಾಗಿ ಓದಲು ಶುರು ಮಾಡಿದರು.

ಇದೊಂದನ್ನು ಅಣ್ಣ ಯೋಚಿಸಿರಲಿಲ್ಲ. ಅವರು ತಮ್ಮ ಪಾಡಿಗೆ ಮನಸ್ಸಿನಲ್ಲಿ ಓದಿಕೊಳ್ಳುತ್ತಾರೆ ಎಂದುಕೊಂಡಿದ್ದರು. ತಡೆಯಲು ಕೈ ಎತ್ತಿದರು. ಹಾಗೇ ಇಳಿಸಿದರು.

ಕಾಗದ ಇಂಗ್ಲಿಷಿನಲ್ಲಿತ್ತು, ಸರ್ಕಾರಿ ಇಂಗ್ಲಿಷ್. ನಾನು, ಚೆಲುವರಾಜು, ನಿವೃತ್ತ ಎಂಜಿನಿಯರ್, ಈ ಮೂಲಕ ತಿಳಿಸುವುದೇನೆಂದರೆ. ಬಂಡೆ, ಬುಗ್ಗೆ, ದಿನಾಂಕ ಎಲ್ಲ ಕ್ರಮವಾಗಿ. ಅಕ್ಕನಿಗೆ ಭಾಷೆ ತಿಳಿಯದು, ಆದರೂ ಗಂಡನ ಮುಖ ನೋಡುತ್ತ ಮೊಮ್ಮಗಳ ಕೈ ಹಿಡಿದು "ಏನಂತೆ, ಏನಂತೆ" ಎಂದು ಪಿಸುಗುಟ್ಟಿದರು. ಲಾಸ್ಯಾ ತನಗೆ ಬಂದ ಕನ್ನಡದಲ್ಲಿ ಅಜ್ಜಿಯ ಕಿವಿಯಲ್ಲಿ ಹೇಳಿದಳು. "ತಾತ ಮಿಸ್ಟೇಕ್ ಮಾಡಿದ್ರು. ಇವರಿಗೆ ಪನಿಷ್ಮೆಂಟು ಆಯ್ತು."

"'ನನ್ನ ಒತ್ತಾಯಕ್ಕೆ ಮಣಿದು ಅವರು ಸಹಿ ಮಾಡಿದರು,'" ಎಂದು ಓದಿದವರು ಅಲ್ಲಿ ನಿಲ್ಲಿಸಿದರು. "ಈ ಸಾಲು ಸರಿಯಿಲ್ಲ."

"ಸರಿಯಿದೆ ಸರ್."

"ಇಲ್ಲ ಎಂಜಿನಿಯರ್ ಸಾಹೇಬ್ರೆ. ನಾನು ಆ ಬೆಟ್ಟದಲ್ಲಿ ಹುಟ್ಟಿದವನು. ಬಿಳಿ ಬಟ್ಟೆ ಏನು ಅಂತ ನಿಮಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು." ಕಾಗದವನ್ನು ಮಂಡಿಯ ಮೇಲೆ ಇಟ್ಟುಕೊಂಡರು. "ಒಂಬತ್ತು ವರ್ಷ ಗವರ್ನರ್ ಪರವಾಗಿ ಸಹಿ ಹಾಕಿದೆ. ಮೂವರು ಗವರ್ನರ್ ಬಂದು ಹೋದರು. ಮಳೆ ಬಂದಿಲ್ಲ, ಸಸಿ ನಿಂತಿದೆ, ಜನ ನನ್ನ ಮುಂದೆ ಕೂತಿದ್ದಾರೆ. ನಾನೇ ಒಂದು ಸಲ ತೀರ್ಮಾನ ಮಾಡಿದರೆ ಏನು ಅನ್ನಿಸಿತು. ಕೆಳಗೆ 'ಪರವಾಗಿ' ಅಂತಲೇ ಬರೆದೆ. ಆದರೆ ಬರೆಯುವಾಗ ಅದು ಸುಳ್ಳಾಗಿತ್ತು. ಅವರು ಇದ್ದಿದ್ದರೆ ಕಾಯುತ್ತಿದ್ದರು, ಅದು ನನಗೆ ಗೊತ್ತಿತ್ತು. ಇಲ್ಲದವರ ಮನಸ್ಸನ್ನು ತಿಳಿದು ನಡೆಯುವುದೇ ಡೆಪ್ಯುಟಿಯ ಕೆಲಸ. ಅದನ್ನು ನಾನು ಮಾಡಲಿಲ್ಲ. ಆದ್ದರಿಂದ ಈ ಸಾಲು ಹೊಡೆದುಹಾಕಿ."

"ನಾನು ಮೂರು ದಿನ ಬಂದು ತಲೆ ತಿಂದೆ ಸರ್. ಹೊಡೆಯಲ್ಲ."

"ಹಾಗಾದರೆ 'ಮೂರು ದಿನ ಬಂದು ಕೇಳಿದೆ' ಅಂತ ಬರೆಯಿರಿ. 'ಮಣಿದು' ಬೇಡ."

ಇಬ್ಬರೂ ಹಾಗೆ ಐದು ನಿಮಿಷ ವಾದ ಮಾಡಿದರು, ಹಳೆಯ ಕಚೇರಿಯಲ್ಲಿ ಕೂತವರಂತೆ. ಕೊನೆಗೆ ಅಣ್ಣ ಪೆನ್ನು ತೆಗೆದು ಸಾಲು ಹೊಡೆದು, ಮೇಲೆ ಹೊಸದನ್ನು ಬರೆದು, ಅಂಚಿನಲ್ಲಿ ಚುಟುಕು ಸಹಿ ಹಾಕಿದರು. ಬುಗ್ಗೆ ಮತ್ತೆ ಬಂತಾ ಸರ್ ಎಂದು ಕೇಳಿದರು.

"ಬರಲಿಲ್ಲ. ಪೂಜೆ ಮಾಡಿಸಿದರು, ಆದರೂ ಬರಲಿಲ್ಲ. ನಿಮ್ಮ ಪೈಪಿನಲ್ಲೇ ಕುಡಿಯುತ್ತಾರೆ. ಎರಡು ಸಲ ಚಳಿಗೆ ಒಡೆದಿತ್ತು, ಅವರೇ ಕಟ್ಟಿಕೊಂಡರು."

ಅಣ್ಣ ತಲೆ ಆಡಿಸಿದರು. ಸಾಹೇಬರು ಉಳಿದದ್ದನ್ನು ಓದಿ ಮುಗಿಸಿ, ಕನ್ನಡಕದ ಮೇಲಿಂದ ನೋಡಿ ಕೇಳಿದರು.

"ಇದು ನಿಮ್ಮ ಮಾತೇ ತಾನೆ?"

ಅಣ್ಣ ಹೌದು ಎನ್ನಲಿಲ್ಲ. ಆಮೇಲೆ ಹೇಳಿದರು.

"ಒಂದು ಬಿಟ್ಟುಹೋಗಿದೆ ಸರ್. ಬರೆಯೋಕೆ ಕೈ ಬರಲಿಲ್ಲ. ಆ ದಿನ ಅಂಗಳದಲ್ಲಿ ಗವರ್ನರ್ ನನ್ನ ಕಡೆ ತಿರುಗಿ ಏನಾದರೂ ಹೇಳೋದಿದೆಯಾ ಅಂದರು. ನಾನು ನೋ ಸರ್ ಅಂದೆ. ನನಗೆ ಭಯವಾಯ್ತು, ಕೆಲಸ ಬಿಡಿಸಿ ಕಳಿಸಿಬಿಟ್ಟರೆ ಊರಲ್ಲಿ ಮುಖ ಹೇಗೆ ತೋರಿಸೋದು ಅಂತ. ಬೇರೇನೂ ಕಾರಣ ಇಲ್ಲ."

ಸಾಹೇಬರು ಕನ್ನಡಕ ತೆಗೆದರು. ಕೆಳಗೆ ರಸ್ತೆಯಲ್ಲಿ ಕಸದ ಲಾರಿ ಬಂದು ಹೋಯಿತು.

"ಅದು ನನಗೆ ನೋವಾಗಿತ್ತು," ಎಂದರು. "ವರ್ಗ ಆಗಿದ್ದು ನೋವಾಗಲಿಲ್ಲ. ಗವರ್ನರ್ ಆಗದೇ ಇದ್ದದ್ದು, ಸ್ವಲ್ಪ. ಅದು ಮಾತ್ರ ಬಹಳ ದಿನ ನೋವಾಗಿತ್ತು. ನಿಮ್ಮ ಮನೆಯಲ್ಲಿ ಊಟ ಮಾಡಿದ್ದೆನಲ್ಲ."

ಅಣ್ಣನ ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ. "ಇದು ನನ್ನ ಮಾತೇ ಸರ್," ಎಂದರು.

ಸಾಹೇಬರು ಕಾಗದವನ್ನು ಮೂರು ಮಡಿಕೆ ಮಾಡಿದರು. "ಅರ್ಜಿ ಬಂದರೆ ಇದು ಯಾರಿಗೆ ಹೋಗಬೇಕು ಅಂತ ಹೇಳೋದು ನನ್ನ ಅಭ್ಯಾಸ. ಈಗ ನಾನು ಯಾರ ಡೆಪ್ಯುಟಿಯೂ ಅಲ್ಲ, ಮೇಲೆ ಕಳಿಸುವುದಕ್ಕೆ ಯಾರೂ ಇಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ನನ್ನ ಹೆಸರಿಗೇ ಬಂದ ಕಾಗದ ಇದೊಂದು. ನಾನೇ ತೆಗೆದುಕೊಳ್ಳುತ್ತೇನೆ." ಎದ್ದು ಹೋಗಿ ಬುದ್ಧನ ಮುಂದಿನ ಪುಸ್ತಕದೊಳಗೆ ಅದನ್ನು ಇಟ್ಟು ಬಂದರು. ಬಂದು ಅಕ್ಕನ ಕಡೆ ನೋಡಿ, "ಮೇಡಂ, ಡಬ್ಬಿ?" ಎಂದರು.

ಅಕ್ಕ ಡಬ್ಬಿ ಬಿಚ್ಚಿದರು. ರಾಗಿ ಮುದ್ದೆ, ಬಸ್ಸಾರು. ಇಬ್ಬರು ಗಂಡಸರೂ ಒಂದೇ ಮೇಜಿನಲ್ಲಿ ಕೂತು ಉಂಡರು. ಹೊರಡುವಾಗ ಮೆಟ್ಟಿಲವರೆಗೂ ಬಂದು ಸಾಹೇಬರು ಅಣ್ಣನ ಭುಜದ ಮೇಲೆ ಕೈ ಇಟ್ಟು ನಿಂತರು. ಕೆಳಗಿನಿಂದ ನಾನು ತಿರುಗಿ ನೋಡಿದಾಗಲೂ ಕೈ ಅಲ್ಲೇ ಇತ್ತು.

ಕಾರಿನಲ್ಲಿ ಅಕ್ಕ ಖಾಲಿ ಡಬ್ಬಿಯನ್ನು ತೊಡೆಯ ಮೇಲೆ ಹಿಡಿದು ಹೊರಗೆ ನೋಡುತ್ತಿದ್ದರು. ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಸಿಟ್ಟು ಬಂದಾಗ ಅವರು ಹಾಗೆ ಸುಮ್ಮನಿರುತ್ತಾರೆ.

"ಹದಿನಾರು ವರ್ಷ," ಎಂದರು ಸೇತುವೆ ಬಂದಾಗ. "ಆ ಶಲ್ಯ ಎಷ್ಟು ಜನಕ್ಕೆ ತೋರಿಸಿದೆ ನಾನು. ಬಾಯಿ ಬಿಡಲಿಲ್ಲವಲ್ಲ ನೀವು."

"ಈಗ ಕೇಳಿಸಿಕೊಂಡೆಯಲ್ಲ ಮಾರಾಯ್ತಿ."

"ಓದಿದ್ದು ಅವರು. ಕಿವಿಯಲ್ಲಿ ಹೇಳಿದ್ದು ಈ ಕೂಸು. ನೀವೆಲ್ಲಿ ಹೇಳಿದಿರಿ ನನಗೆ?" ಅಕ್ಕ ಅವರ ಕಡೆ ತಿರುಗಿ ಕೂತರು. "ಹೇಳಿ ಈಗ. ಮೊದಲಿಂದ ಹೇಳಿ. ನಿಮ್ಮ ಬಾಯಲ್ಲೇ."

ಲಾಸ್ಯಾ ಕಿವಿಯಲ್ಲಿದ್ದ ಇಯರ್‌ಫೋನುಗಳನ್ನು ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಆ ವರ್ಷ ಮಳೆ ತಡ ಆಗಿತ್ತು," ಎಂದು ಅಣ್ಣ ಶುರು ಮಾಡಿದರು.